ಅಗ್ನಿ ಜೋಪಾನ

ಮೈಸೂರು, ಕುವೆಂಪುನಗರ
೩ ಜನವರಿ ೨೦೨೪, ಬುಧವಾರ

ಪೂಜ್ಯ ಯಜಮಾನರಿಗೆ ನಿಮ್ಮ ಅಂಬುಜಾ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಕಾಶಿಯಲ್ಲಿ ಈ ಸಲ ಮೂಳೆ ಕೊರೆಯುವ ಚಳಿಯಂತೆ, ಟಿವಿಯಲ್ಲಿ ತೋರಿಸುತ್ತಿದ್ದರು. ಗಂಗೆಯಲ್ಲಿ ಮುಳುಗಿ ಎದ್ದ ಮೇಲೆ ತಲೆಯನ್ನು ಸರಿಯಾಗಿ ಒರೆಸಿಕೊಳ್ಳಿ. ಮಫ್ಲರ್ ಪೆಟ್ಟಿಗೆಯ ತಳದಲ್ಲಿದೆ. ಹುಡುಕುವ ತಾಳ್ಮೆ ನಿಮಗಿಲ್ಲವೆಂದು ಗೊತ್ತು, ಪಂಚೆಗಳನ್ನೆಲ್ಲ ಹೊರಗೆ ಎಳೆದುಹಾಕಿದರೆ ಸಿಗುತ್ತದೆ. ಹಿಮ್ಮಡಿಯ ಒಡಕಿಗೆ ಎಣ್ಣೆ ಹಚ್ಚುತ್ತಿದ್ದೀರಾ? ಮಠದ ಸಾರಿನಲ್ಲಿ ಖಾರ ಹೆಚ್ಚಾದರೆ ಮುಖ ಗಂಟಿಕ್ಕಿಕೊಂಡು ಕೂರಬೇಡಿ, ಬಾಯಿಬಿಟ್ಟು ಮೊಸರು ಕೇಳಿ. ಮುಖ ನೋಡಿಯೇ ತಿಳಿದುಕೊಳ್ಳಲು ಅಲ್ಲಿ ಅಂಬುಜಾ ಇಲ್ಲ.

ಪಾರಾಯಣ ಮುಗಿಯುವವರೆಗೆ ಫೋನ್ ಮುಟ್ಟುವುದಿಲ್ಲವೆಂದು ಸಂಕಲ್ಪ ಮಾಡಿ ಹೋಗಿದ್ದೀರಿ. ಪಕ್ಕದ ಮನೆಯ ಲಕ್ಷ್ಮೀನರಸಿಂಹ ದಂಪತಿ ಇವತ್ತು ಮಧ್ಯಾಹ್ನ ಕಾಶಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾವೆಲ್ಲ ಕ್ಷೇಮ ಅಂತಷ್ಟೇ ಬರಿ, ಅಪ್ಪನ ವ್ರತ ಕೆಡುವುದು ಬೇಡ ಎಂದು ವಾಗೀಶ ಹೇಳಿದ್ದಾನೆ. ಮಗಳ ತಂದೆಯಾದರೂ ನಿಮ್ಮ ಮಗ ನಿಮಗೆ ಹೆದರುವುದನ್ನು ಬಿಟ್ಟಿಲ್ಲ. ಆದರೆ ಇಲ್ಲಿ ಕ್ಷೇಮವಿಲ್ಲ. ನಮ್ಮ ಲಹರಿ ಉಸಿರು ಸಿಗದೆ ಆಸ್ಪತ್ರೆ ಸೇರಿ, ಸಾವಿನ ಬಾಯಿಂದ ತಪ್ಪಿಸಿಕೊಂಡು ನಿನ್ನೆಯಷ್ಟೇ ಮನೆಗೆ ಬಂದಿದ್ದಾಳೆ. ಮುಂದಿನದನ್ನು ಕೂತು ಓದಿ.

ಮಳೆಗಾಲದಿಂದಲೂ ಮಗುವಿಗೆ ಕೆಮ್ಮು ಬಿಟ್ಟಿರಲಿಲ್ಲವಲ್ಲ. ಅದು ಆಸ್ತಮಾ ಎಂದು ಡಾಕ್ಟರಮ್ಮ ಆಗಲೇ ಬಿಡಿಸಿ ಹೇಳಿದ್ದರು. ಹೆಣ್ಣುಮಗು, ನಾಳೆ ನಾಲ್ಕು ಜನ ಕೇಳುತ್ತಾರೆ ಎಂದು ಆ ಪದವನ್ನು ನಾವು ಮನೆಯೊಳಗೇ ಬಿಟ್ಟುಕೊಳ್ಳಲಿಲ್ಲ. ಅವಳದು ಶೀತದ ಮೈ ಎಂದೆವು. ಸುಷ್ಮಿತಾ ಬಾಯಿಗೆ ಹಿಡಿದು ಎಳೆದುಕೊಳ್ಳುವ ಔಷಧಿಯ ಪಂಪು ತಂದಾಗ ನೀವು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, “ಇದು ಅಭ್ಯಾಸ ಆಗ್ಬಿಟ್ರೆ ಜೀವನಪೂರ್ತಿ ಬಿಡಲ್ಲ ಕಣಮ್ಮ” ಎಂದಿರಿ. ಸೊಸೆ ಎದುರಾಡಲಿಲ್ಲ, ಬೀರುವಿನೊಳಗೆ ಇಟ್ಟುಬಿಟ್ಟಳು. ತುಪ್ಪ, ಬೆರಣಿ ಉರಿದ ಹೊಗೆಯೇ ಔಷಧಿ ಎಂದು ನೀವು ದಿನಾ ಸಂಜೆ ಔಪಾಸನೆಯ ಹೋಮಕ್ಕೆ ಕೂತಾಗ ಅವಳನ್ನು ಪಕ್ಕದ ಮಣೆಯ ಮೇಲೆ ಕೂರಿಸಿಕೊಂಡು ಉಸಿರೆಳೆದುಕೊಳ್ಳಲು ಹೇಳುತ್ತಿದ್ದಿರಿ. ಅವಳಿಗೋ ಅದೇ ಸಂಭ್ರಮ. ಆರು ವರ್ಷದ ಮಗು, ನಿಮ್ಮ ಹಾಗೇ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಎಳೆದುಕೊಳ್ಳುತ್ತಿತ್ತು. ನಾನೂ ನೋಡಿ ಖುಷಿಪಟ್ಟಿದ್ದೇನೆ.

ಆ ಅಗ್ನಿಯ ಮೇಲೆ ನನಗೇನು ಕಡಿಮೆ ಮಮತೆಯೇ? ನಮ್ಮ ಮದುವೆಯ ದಿನ ಹೊತ್ತಿದ್ದು. ನಂಜನಗೂಡಿನ ಮನೆ ಬಿಟ್ಟು ಇಲ್ಲಿಗೆ ಬಂದಾಗ ಮ್ಯಾಟಡಾರಿನಲ್ಲಿ ಪಾತ್ರೆಪಗಡಗಳ ನಡುವೆ ಕೂತು ಕೆಂಡದ ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ತಂದವಳು ನಾನು. ದಾರಿಯಲ್ಲಿ ಸೀರೆ ಸುಟ್ಟಿತು. ಇಳಿದ ಕೂಡಲೇ ನೀವು ಓಡಿಬಂದು ಕೆಂಡ ಇದೆಯಾ ಎಂದು ಕೇಳಿದಿರಿ. ದೇವರಮನೆಯ ಹಿಂದಿನ ಕೋಣೆಯಲ್ಲಿ ಭತ್ತದ ಹೊಟ್ಟು ತುಂಬಿ, ಬೆರಣಿ ಮುಚ್ಚಿ, ಹಗಲೂ ರಾತ್ರಿ ಅದನ್ನು ಆರದಂತೆ ಕಾಪಾಡಿದ್ದಕ್ಕೆ ವೈದಿಕರೆಲ್ಲ ನಿಮ್ಮನ್ನು ಹೊಗಳಿದರು. ಹೊಟ್ಟು ತುಂಬಿದವಳು ಯಾರೆಂದು ಯಾರೂ ಕೇಳಲಿಲ್ಲ, ಹೋಗಲಿ ಬಿಡಿ. ಕಾಶಿಗೆ ಹೊರಟು ಬಾಗಿಲಲ್ಲಿ ನಿಂತಾಗಲೂ ನೀವು ನನಗೆ ಹೇಳಿದ್ದು “ಅಗ್ನಿ ಜೋಪಾನ” ಎಂದಷ್ಟೇ. ಆಗ ಒಳಗಿನಿಂದ ಮಗುವಿನ ಕೆಮ್ಮು ಕೇಳಿಸುತ್ತಿತ್ತು.

ಕಳೆದ ಗುರುವಾರ ಸಂಜೆ ನಿಮ್ಮ ಬದಲಿಗೆ ಅಗ್ನಿಗೆ ಅಕ್ಕಿ ಹಾಕಲು ಕೂತೆ. ಇಬ್ಬನಿಗೆ ಬೆರಣಿ ತೇವ ಹಿಡಿದಿತ್ತು. ಚಳಿಯೆಂದು ಕಿಟಕಿಗಳನ್ನೆಲ್ಲ ಹಾಕಿದ್ದೆ. ಊದಿದಷ್ಟೂ ಹೊಗೆ. ಲಹರಿ ಬಂದು ನಿಮ್ಮ ಮಣೆಯ ಮೇಲೆ ಕೂತಳು. ತಾತ ಇಲ್ಲದಾಗ ತಾನೇ ಕೂರಬೇಕಂತೆ. ಕೆಮ್ಮಲು ಶುರು ಮಾಡಿದಳು, ಬಹಳ ಕೆಮ್ಮಿದಳು, ಎದ್ದು ಹೋಗು ಎಂದರೂ ಹೋಗಲಿಲ್ಲ. ಆಮೇಲೆ ಕೆಮ್ಮು ನಿಂತಿತು. ಸದ್ಯ, ಕಡಿಮೆಯಾಯಿತು ಎಂದುಕೊಂಡು ನಾನು ಬೆನ್ನು ತಿರುಗಿಸಿ ಬೆರಣಿ ಸರಿಮಾಡುತ್ತಾ ಕೂತೆ. ಕೆಲಸದಿಂದ ಬಂದ ಸುಷ್ಮಿತಾ ಕಿರುಚಿದಾಗಲೇ ನಾನು ತಿರುಗಿ ನೋಡಿದ್ದು. ಮಗು ಎರಡೂ ಕೈ ನೆಲಕ್ಕೂರಿ ಮುಂದಕ್ಕೆ ಬಾಗಿತ್ತು. ತುಟಿ ನೀಲಿಯಾಗಿತ್ತು. ಕತ್ತಿನ ಕೆಳಗಿನ ಗುಳಿ ಒಳಕ್ಕೆ ಸೇದಿಕೊಳ್ಳುತ್ತಿತ್ತು, ಪಕ್ಕೆಲುಬುಗಳು ಎದ್ದೆದ್ದು ಕಾಣುತ್ತಿದ್ದವು, ಆದರೆ ಒಂದು ಸದ್ದೂ ಇಲ್ಲ. ಬೀರುವಿನ ಬೀಗದ ಕೈ ಗಾಬರಿಯಲ್ಲಿ ಸಿಗಲಿಲ್ಲ. ಅಷ್ಟರಲ್ಲಿ ವಾಗೀಶನೂ ಬಂದ, ಗಂಡಹೆಂಡತಿ ಸ್ಕೂಟರಿನಲ್ಲಿ ಮಗುವನ್ನು ನಡುವೆ ಇಟ್ಟುಕೊಂಡು ಆಸ್ಪತ್ರೆಗೆ ಓಡಿದರು. ಹಿಂದಿನಿಂದ ಆಟೋದಲ್ಲಿ ಹೋದ ನನಗೆ ಚಪ್ಪಲಿ ಹಾಕಿಕೊಂಡಿಲ್ಲವೆಂಬುದು ಆಸ್ಪತ್ರೆಯ ನೆಲ ಕಾಲಿಗೆ ತಣ್ಣಗೆ ತಾಗಿದಾಗ ತಿಳಿಯಿತು.

ಐಸಿಯುವಿನಲ್ಲಿ ಅವಳ ಮುಖಕ್ಕೆ ಮಾಸ್ಕ್ ಹಾಕಿದ್ದರು, ಕೈಗೆ ಸೂಜಿ ಚುಚ್ಚಿ ಕಟ್ಟಿದ್ದರು. ಗಾಜಿನಾಚೆ ನಿಂತು ನಾನು ಅವಳ ಎದೆಯನ್ನೇ ನೋಡುತ್ತಿದ್ದೆ, ಅದು ಏಳುವಾಗ ನಾನೂ ಉಸಿರೆಳೆಯುತ್ತಿದ್ದೆ. ಕೆಮ್ಮು ನಿಂತಿತೆಂದು ನಾನು ಸಮಾಧಾನಪಟ್ಟದ್ದನ್ನು ಡಾಕ್ಟರಮ್ಮನಿಗೆ ಹೇಳಿದೆ. ಅವರು ಬಯ್ಯಲಿಲ್ಲ. “ಸದ್ದು ನಿಂತರೆ ವಾಸಿ ಅಂತ ಅಲ್ಲಮ್ಮ, ಗಾಳಿ ಒಳಗೇ ಹೋಗ್ತಿಲ್ಲ ಅಂತ” ಎಂದರು. ಆ ಮಾತು ಕಿವಿಯಿಂದ ಹೋಗುತ್ತಿಲ್ಲ.

ಆಮೇಲೆ ಅವರು ಮನೆಯಲ್ಲಿ ಏನು ಉರಿಸುತ್ತೀರಿ ಎಂದು ಕೇಳಿದರು. ಸುಷ್ಮಿತಾ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ವಾಗೀಶ ದೇವರಿಗೆ ಊದಿನಕಡ್ಡಿ ಹಚ್ಚುತ್ತೇವೆ ಅಷ್ಟೇ ಎಂದ. ಮಗಳು ಒಳಗೆ ಹಾಗೆ ಮಲಗಿರುವಾಗ ಅಪ್ಪನ ಮರ್ಯಾದೆಗೋಸ್ಕರ ಸುಳ್ಳು ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ನಾನೇ ಎಲ್ಲವನ್ನೂ ಹೇಳಿದೆ. ಪಂಪು ಅಭ್ಯಾಸವಾಗುವ ವಸ್ತುವಲ್ಲ, ದಿನಾ ಹಾಕಲೇಬೇಕು, ಆದರೆ ಆ ಹೊಗೆಯೊಳಗೆ ಯಾವ ಔಷಧಿಯೂ ನಿಲ್ಲುವುದಿಲ್ಲ, ಇನ್ನೊಂದು ಸಲ ಹೀಗಾದರೆ ಮಗು ಆಸ್ಪತ್ರೆಯವರೆಗೆ ಬರುವುದೇ ಅನುಮಾನ ಎಂದರು ಡಾಕ್ಟರಮ್ಮ. ಒಂದು ಮನೆಯಲ್ಲಿ ಇಬ್ಬರೂ ಇರಲು ಸಾಧ್ಯವಿಲ್ಲ, ಮಗು ಇಲ್ಲವೇ ಬೆಂಕಿ.

ವಾಗೀಶ ಮಗುವನ್ನೇ ಆರಿಸಿಕೊಂಡ, ಆದರೆ ನಿಮ್ಮ ಬೆಂಕಿಯನ್ನು ಮುಟ್ಟದೆ. ಬೋಗಾದಿಯಲ್ಲಿ ಬಾಡಿಗೆಗೆ ಒಂದು ಮನೆ ನೋಡಿದ್ದಾನೆ. ನಾನೂ ಹೋಗಿ ಬಂದೆ. ಮುಂದೆ ಒಂದು ಕಟ್ಟಡ ಏಳುತ್ತಿದೆ, ಹಿಂದೆ ಇನ್ನೊಂದು. ಇಡೀ ದಿನ ಮರಳಿನ ಲಾರಿ, ಕಲ್ಲು ಕೊಯ್ಯುವ ಮಿಷಿನ್ನು. ಕಿಟಕಿಯ ಸರಳಿನ ಮೇಲೆ ಬೆರಳಿಟ್ಟರೆ ಸಿಮೆಂಟಿನ ಪುಡಿ. ಹೊಗೆಯಿಂದ ತೆಗೆದು ಧೂಳಿಗೆ ಹಾಕುತ್ತೀಯಲ್ಲೋ ಎಂದೆ. ಅಪ್ಪನ ಅಗ್ನಿ ಆರಿಸಲು ನಾವು ಯಾರಮ್ಮ ಎಂದು ಮುಖ ಮುಚ್ಚಿಕೊಂಡು ಅತ್ತ. ಮೀಸೆ ಬಂದ ಮೇಲೆ ಅವನು ಅತ್ತಿದ್ದನ್ನು ನಾನು ನೋಡಿರಲಿಲ್ಲ. ನಾಳೆ ಸಾಮಾನು ಸಾಗಿಸಲು ಗಾಡಿ ಹೇಳಿದ್ದಾನೆ.

ಮಗು ಬಹಳ ಇಳಿದುಹೋಗಿದೆ. ಎರಡು ಮೆಟ್ಟಿಲು ಹತ್ತಿದರೆ ನಿಲ್ಲುತ್ತಾಳೆ. ಹಿಂದಿನ ಕೋಣೆಯ ಬಾಗಿಲು ಕಿರ್ ಎಂದರೆ ಸಾಕು, ಫ್ರಾಕಿನ ತುದಿಯಿಂದ ತಾನೇ ಮೂಗು ಮುಚ್ಚಿಕೊಳ್ಳುತ್ತಾಳೆ. ನಿನ್ನೆ ತಲೆ ಬಾಚುವಾಗ ನನ್ನ ಕಿವಿಗೆ ಬಾಯಿಟ್ಟು, “ತಾತಂಗೆ ಹೇಳ್ಬೇಡಿ ಅಜ್ಜಿ, ನಾನು ಸರಿಯಾಗಿ ಎಳ್ಕೊಳ್ಳಲಿಲ್ಲ, ಅದಕ್ಕೇ ಹಿಂಗಾಯ್ತು” ಅಂದಳು. ಬಾಚಣಿಗೆ ಕೆಳಗಿಟ್ಟು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ತಪ್ಪು ತನ್ನದೆಂದು ನಂಬಿದೆ ಆ ಮಗು. ನಿಮಗೂ ನನಗೂ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ.

ವ್ರತ ಬಿಟ್ಟು ಓಡಿಬನ್ನಿ ಎಂದು ನಾನು ಬರೆಯುತ್ತಿಲ್ಲ. ಹಿಡಿದದ್ದನ್ನು ಮುಗಿಸಿಯೇ ಬನ್ನಿ. ಲಕ್ಷ್ಮೀನರಸಿಂಹರ ಹೆಂಡತಿಯ ಕೈಯಲ್ಲಿ ಮೆಂತ್ಯದ ಹಿಟ್ಟು, ನಿಂಬೆಕಾಯಿ ಉಪ್ಪಿನಕಾಯಿ ಕೊಟ್ಟಿದ್ದೇನೆ. ಉಪ್ಪಿನಕಾಯಿಯನ್ನು ಊರಿಗೆಲ್ಲ ಹಂಚಿಬಿಡಬೇಡಿ. ವಾಗೀಶ, ಸುಷ್ಮಿತಾ ನಮಸ್ಕಾರ ತಿಳಿಸಿದ್ದಾರೆ. ವಿಶ್ವನಾಥನ ಮುಂದೆ ನಿಂತಾಗ ಮಗುವಿನ ಹೆಸರು ಹೇಳಿ, ನನ್ನದು ಹೇಳದಿದ್ದರೂ ನಡೆಯುತ್ತದೆ.

ಇಂತು ನಿಮ್ಮ
ಅಂಬುಜಾ

ತಾ.ಕ.: ಅವರ ಆಟೋ ಬಂದು ನಿಂತಿದೆ, ಬೇಗ ಬರೆಯುತ್ತೇನೆ. ಬೆಳಿಗ್ಗೆ ಮಗುವನ್ನು ಪಕ್ಕದ ಮನೆಯಲ್ಲಿ ಕೂರಿಸಿ ಬಂದು, ಸ್ನಾನ ಮಾಡಿ, ಕಿಟಕಿಗಳನ್ನೆಲ್ಲ ತೆರೆದು, ಅಗ್ನಿಗೆ ಹಾಲು ಸುರಿದು ಆರಿಸಿದೆ. ನಾನೇ ಆರಿಸಿದೆ, ಯಾರೂ ಹೇಳಿಕೊಟ್ಟದ್ದಲ್ಲ. ವಾಗೀಶನಿಗೆ ಇನ್ನೂ ಗೊತ್ತಿಲ್ಲ, ಆಫೀಸಿನಿಂದ ಬಂದ ಮೇಲೆ ಗಾಡಿ ಬೇಡವೆಂದು ಹೇಳಿಸುತ್ತೇನೆ. ನಮ್ಮಿಬ್ಬರಲ್ಲಿ ಮೊದಲು ಹೋದವರಿಗೆ ಆ ಅಗ್ನಿಯಿಂದಲೇ ಚಿತೆ ಎಂದು ನೀವು ಹೇಳುತ್ತಿದ್ದಿರಿ. ನನಗೆ ಇನ್ನು ಯಾವ ಬೆಂಕಿಯಾದರೂ ಸರಿ. ಪ್ರಾಯಶ್ಚಿತ್ತ ಮಾಡಿ ಮತ್ತೆ ಹೊತ್ತಿಸಬಹುದು ಎನ್ನುತ್ತೀರಿ, ಗೊತ್ತು. ಅದಕ್ಕೆ ಹೆಂಡತಿ ಪಕ್ಕದಲ್ಲಿ ಕೂರಬೇಕು. ನಾನು ಕೂರುವುದಿಲ್ಲ.