ಅಪ್ಪನ ಕ್ಷೌರದಂಗಡಿಗೆ ನೀವು ಜಡಿದ ಬೀಗ

ನಮ್ಮ ಊರನ್ನು ಗೆದ್ದುಕೊಂಡಿರುವ ಸೇನೆಯ ಮಾನ್ಯ ಆಡಳಿತಾಧಿಕಾರಿಗಳೇ,

ಕಳೆದ ಸೋಮವಾರ ನಿಮ್ಮ ಸೈನಿಕರು ನನ್ನ ಅಪ್ಪನ ಕ್ಷೌರದಂಗಡಿಗೆ ಬೀಗ ಜಡಿದು ಹೋದರು. ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ಕಾರಣವಿದೆ: ‘ಅತಿಯಾದ ಸಹಕಾರದಿಂದ ಸೇನೆಯ ಕೆಲಸಕ್ಕೆ ಅಡ್ಡಿ.’ ಸಾಹಿತ್ಯ ಓದಿದವಳಾದ ನಾನು ಇದನ್ನು ನಾಲ್ಕು ಸಲ ಓದಿದೆ. ಇಷ್ಟು ಸೊಗಸಾಗಿ ಬರೆಯಬಲ್ಲವರು ಸೈನ್ಯಕ್ಕೇಕೆ ಸೇರಿದರು?

ಈ ಊರಿಗೆ ನೀವು ಮೂರನೆಯವರು. ಅಪ್ಪ ಸೇನೆಗಳನ್ನು ಕುತ್ತಿಗೆಯಿಂದಲೇ ಬಲ್ಲರು. ಮೊದಲು ಬಂದವರು ಅಪ್ಪನ ಬೆನ್ನಿಗೆ ಬಂದೂಕು ಹಿಡಿದು ಗಡ್ಡ ಹೆರೆಸಿಕೊಳ್ಳುತ್ತಿದ್ದರು. ಎರಡನೆಯವರು ಅಪ್ಪನ ಕತ್ತಿಯನ್ನು ನಂಬದೆ ಗಡ್ಡವನ್ನೇ ಬಿಟ್ಟರು. ಬೀದಿಬೀದಿಯಲ್ಲಿ ಬ್ಯಾಂಡು ಬಾರಿಸಿ ನಮ್ಮಿಂದ ಚಪ್ಪಾಳೆ ತಟ್ಟಿಸಿಕೊಂಡರು. ಊರು ಇಬ್ಬರಿಗೂ ಒಲಿಯಲಿಲ್ಲ. ನೀವೋ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿರಿ, ಏಳುವಾಗ ಥ್ಯಾಂಕ್ಸ್ ಹೇಳಿದಿರಿ. “ಇವ್ರು ಪರ್ವಾಗಿಲ್ಲ ಕಣೇ” ಅಂದರು ಅಪ್ಪ. ಮರುದಿನವೇ ಆಜ್ಞೆ ಬಂತು: ಗಿರಾಕಿಗಳು ಆಡುವ ಮಾತನ್ನೆಲ್ಲ ಬರೆದು ದಿನವೂ ಒಪ್ಪಿಸತಕ್ಕದ್ದು.

ಎಲ್ಲವನ್ನೂ! ಕ್ಷೌರಿಕನಿಗೆ ಹೀಗೆ ಹೇಳುವ ಮುನ್ನ ಯಾರನ್ನಾದರೂ ಕೇಳಬಾರದಿತ್ತೇ?

ಅಪ್ಪನಿಗೆ ಗುಟ್ಟು ಮಾಡಿ ಗೊತ್ತಿಲ್ಲ. ಬಂದವರ ಕೊರಳಿಗೆ ಬಟ್ಟೆ ಕಟ್ಟುತ್ತಲೇ, “ನೋಡಪ್ಪಾ, ನೀನು ಹೇಳಿದ್ದೆಲ್ಲ ಬರ್ದು ಕೊಡ್ಬೇಕಂತೆ, ನಿಧಾನಕ್ಕೆ ಹೇಳು” ಎನ್ನುತ್ತಿದ್ದರು. ನೋಟ್‌ಬುಕ್ ಹಿಡಿದು ಮೂಲೆಯಲ್ಲಿ ನಾನು.

“ಹಾಗಾದ್ರೆ ನನ್ನ ಮಂಡಿ ನೋವು ಬರ್ಕೊಳಮ್ಮ,” ಅಂದರು ಬೇಕರಿಯವರು. “ಎಡಗಡೇದು. ಚಳೀಲಿ ಜಾಸ್ತಿ.”

ಗಡಿಯಾರ ರಿಪೇರಿಯವರು ತಮ್ಮ ಅತ್ತೆಯ ಬಗ್ಗೆ ಮೂರು ದಿನ ಹೇಳಿದರು. ತಲೆಯಲ್ಲಿ ಒಂದು ಕೂದಲೂ ಇಲ್ಲದ ಪೋಸ್ಟ್‌ಮಾಸ್ತರರೂ ಸರದಿಯಲ್ಲಿ ನಿಂತರು.

“ನಿಮ್ಗೇನ್ ಕತ್ತರಿಸ್ಲಿ ಸ್ವಾಮಿ?”

“ಸುಮ್ನೆ ಬಟ್ಟೆ ಕಟ್ಟಪ್ಪ, ನಂಗೂ ಹೇಳೋದಿದೆ.”

ದಿನಕ್ಕೆ ನಲವತ್ತು ಪುಟ. ಹನ್ನೊಂದನೇ ದಿನ ನಿಮ್ಮ ಅನುವಾದಕರು ರಜೆ ಹಾಕಿದರಂತೆ. ಅದು ಅಪ್ಪನ ತಪ್ಪೇ? ಜನರ ಮನಸ್ಸಿನಲ್ಲೇನಿದೆ ಎಂದು ನೀವೇ ಕೇಳಿದಿರಿ. ಮಂಡಿ ಇತ್ತು, ಅತ್ತೆ ಇದ್ದರು. ಬಟ್ಟೆ ಕೊಡವಿ ಏಳುವಾಗ ಪ್ರತಿಯೊಬ್ಬರೂ ಕೇಳಿದ ಒಂದು ಪ್ರಶ್ನೆಯೂ ಇತ್ತು: “ಇವ್ರು ಯಾವಾಗ ಹೋಗ್ತಾರಂತೆ?” ಅಷ್ಟು ದೂರ ನೀವು ಓದಿಲ್ಲವೆಂದು ಕಾಣುತ್ತದೆ.

ಬೀಗ ಬಿದ್ದಂದಿನಿಂದ ಅಪ್ಪ ಮಾತಾಡುತ್ತಿಲ್ಲ. ಊಟಕ್ಕೆ ಕರೆದರೆ ತಲೆಯಾಡಿಸುತ್ತಾರೆ. ಬೆನ್ನಿಗೆ ಬಂದೂಕು ಇದ್ದಾಗಲೂ ಹರಟುತ್ತಿದ್ದವರು ಅವರು. ದಯವಿಟ್ಟು ಇದನ್ನು ‘ಊರು ಶಾಂತವಾಗಿದೆ’ ಎಂದು ನಿಮ್ಮ ಮೇಲಿನವರಿಗೆ ವರದಿ ಮಾಡಬೇಡಿ.

ಬೀಗ ತೆಗೆಯಿರಿ, ಆಜ್ಞೆ ಹಿಂತೆಗೆದುಕೊಳ್ಳಿ. ನಮ್ಮ ಮನಸ್ಸನ್ನು ಗೆಲ್ಲುವುದು ಹಾಗಿರಲಿ. ನನಗೆ ಸದ್ಯಕ್ಕೆ ಮನೆಯಲ್ಲಿ ಒಬ್ಬರ ಗಲಾಟೆ ಬೇಕಾಗಿದೆ.

ಇಂತಿ,
ನಿಮ್ಮೆದುರು ಬಂದು ಹೇಳಲು ನಾಚಿಕೆಯಾಗಿ ಊರಿಗೇ ಕೇಳುವಂತೆ ಬರೆದ
ಕ್ಷೌರಿಕರ ಮಗಳು