ಮಗಳು ಮುಚ್ಚಿ ಹೋದ ಬಾಯ್ಲರ್

ವಿಯರ್‌ಡೇಲ್,
28 ಡಿಸೆಂಬರ್ 1995, ಗುರುವಾರ

ಪ್ರಿಯ ಲಿನೆಟ್,

ಅಮ್ಮನ ಕಾಗದ ಬಂದಿದೆಯೆಂದರೆ ಅಮ್ಮ ಸೋತಳೆಂದು ತಿಳಿಯಬೇಡ. ಫೋನಿನಲ್ಲಾದರೆ ಇಬ್ಬರ ದನಿಯೂ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕೇಳಬೇಕಾದದ್ದು ಒಂದೇ. ಮನೆ ಬೆಚ್ಚಗಿಡುವ ಬಾಯ್ಲರಿನೊಳಗಿನ ಸಣ್ಣ ಉರಿ ಅರ್ಧ ಗಂಟೆಗೊಮ್ಮೆ ಆರಿಹೋಗುತ್ತಿದೆ. ಏನು ಮಾಡಬೇಕು?

ಹೌದು, ಬಾಯ್ಲರ್ ಹಚ್ಚಿದ್ದೇನೆ. ಅಕ್ಟೋಬರಿನಲ್ಲಿ ನೀನು ಗ್ಯಾಸ್ ರಿಪೇರಿಯ ಚೀಲ ಹಿಡಿದು ಬಂದೆ. ನನ್ನ ಅಡುಗೆಮನೆಯಲ್ಲಿ ಮಂಡಿಯೂರಿ ಕುಳಿತು, ಹೊಗೆಕೊಳವೆ ಕಟ್ಟಿಕೊಂಡಿದೆ ಎಂದೆ. ಗ್ಯಾಸ್ ನಿಲ್ಲಿಸಿ, ‘ಅಪಾಯ, ಬಳಸಬೇಡಿ’ ಎಂಬ ಕೆಂಪು ಚೀಟಿ ನೇತುಹಾಕಿ ಹೋದೆ. ಅದೂ ಪಕ್ಕದ ಮನೆಯ ಎಡ್ನಾ ಎದುರಿಗೆ. ಹೆತ್ತವಳ ಮನೆಗೂ ಚೀಟಿಯೇ ಎಂದು ಕೇಳಿದರೆ, ಯಾರ ಮನೆಯಾದರೂ ನಿಯಮ ಒಂದೇ ಎಂದೆ.

“ಹೊರಗೆ ಹೋಗದೆ ಉಳಿಯೋ ವಿಷಗಾಳಿಗೆ ವಾಸನೆ ಇಲ್ಲಮ್ಮ, ಕಣ್ಣಿಗೂ ಕಾಣ್ಸಲ್ಲ. ಮಲಗಿದೋರು ಮಲಗಿದ ಹಾಗೇ ಹೋಗ್ಬಿಡ್ತಾರೆ.”

ಹೊಸ ಬಾಯ್ಲರ್ ಹಾಕಿಸಲು ಹೆದರಿಸುತ್ತಿದ್ದೀಯೆಂದುಕೊಂಡೆ. ಇಪ್ಪತ್ತೆರಡು ವರ್ಷ ಉರಿದದ್ದು ನೀನು ನೋಡಿದ ದಿನವೇ ಕೆಟ್ಟಿತೇ? ಕ್ರಿಸ್‌ಮಸ್ ಹಿಂದಿನ ದಿನ ನಲ್ಲಿಯ ನೀರು ಹೆಪ್ಪುಗಟ್ಟಿತು. ಚೀಟಿ ಕಿತ್ತು ಕಸಕ್ಕೆ ಹಾಕಿ, ಗ್ಯಾಸ್ ನಾನೇ ಮತ್ತೆ ತೆರೆದೆ. ನಿನ್ನ ಅಪ್ಪ, “ಮಗಳು ಸುಮ್‌ಸುಮ್ನೆ ಹೇಳೋಳಲ್ಲ ಕಣೇ. ನಾನು ಕೋಟು ಹಾಕ್ಕೊಂಡೇ ಇರ್ತೀನಿ ಬಿಡು” ಎಂದರು. ಕೋಟು ಹಾಕಿಕೊಂಡು ಕ್ರಿಸ್‌ಮಸ್ ಊಟ ಮಾಡಲು ಇದೇನು ರೈಲ್ವೆ ನಿಲ್ದಾಣವೇ ಎಂದೆ. ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು.

ನನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದ್ದೇನೆ. ಕೋಣೆ ಕಾಯಿಸುವ ರೇಡಿಯೇಟರುಗಳಲ್ಲಿ ಸಿಕ್ಕಿಕೊಂಡ ಗಾಳಿ ಹೊರಬಿಟ್ಟೆ. ಬಾಯ್ಲರಿನ ಗಡಿಯಾರ ಸರಿಮಾಡಿದೆ. ಬೆಟ್ಟದ ಕಡೆಯ ಗಾಳಿಗೆ ಉರಿ ಆರುತ್ತಿರಬೇಕೆಂದು, ಬಾಯ್ಲರ್ ಪಕ್ಕದ ಗೋಡೆಯ ಗಾಳಿಕಿಂಡಿಗೆ ಹಳೆಯ ಪತ್ರಿಕೆ ತುರುಕಿ ಮೇಲೆ ಟೇಪು ಅಂಟಿಸಿದೆ. ಈ ಬೀದಿಯಲ್ಲಿ ಚಳಿಗೆ ಎಲ್ಲರೂ ಮಾಡುವುದು ಅದನ್ನೇ. ಆದರೆ ಆಮೇಲೆ ಉರಿ ಇನ್ನೂ ಬೇಗ ಆರತೊಡಗಿದೆ. ಮೊದಲು ನೀಲಿಯಾಗಿತ್ತು, ಈಗ ಹಳದಿ. ಗೋಡೆಯ ಮೇಲೆ ಮಸಿ ಏರಿದೆ, ಕಿಟಕಿಯ ಗಾಜಿನಿಂದ ನೀರಿಳಿಯುತ್ತದೆ. ಪ್ರತಿ ಸಲವೂ ಕಡ್ಡಿ ಗೀರಿ ಹಚ್ಚುತ್ತಿದ್ದೇನೆ.

ನಾವಿಬ್ಬರೂ ಚೆನ್ನಾಗಿದ್ದೇವೆ. ನನಗೆ ಸ್ವಲ್ಪ ತಲೆನೋವು, ಕ್ರಿಸ್‌ಮಸ್ ಪುಡಿಂಗ್ ಹೊಟ್ಟೆಗೆ ಭಾರವಾಗಿರಬೇಕು. ವಿಚಿತ್ರವೆಂದರೆ ಚರ್ಚಿಗೆ ಹೋದಾಗ ಪೂರಾ ಬಿಟ್ಟಿತ್ತು, ಮನೆಗೆ ಬಂದು ಗಂಟೆಯೊಳಗೆ ಮತ್ತೆ ಹಿಡಿಯಿತು. ಅಪ್ಪನಿಗೆ ನಿದ್ದೆಯೋ ನಿದ್ದೆ. ನಿನ್ನೆ ಎಡ್ನಾ ಬಂದವಳು, “ನಿಮ್ಮನೆಯೋರೇನು ಕರಡಿ ಹಾಗೆ ಚಳಿಗಾಲ ಪೂರ್ತಿ ಮಲಗೋದಾ ಹಿಲ್ಡಾ?” ಎಂದಳು. ನಿಮ್ಮನೆಯೋರು ಎದ್ದು ಏನು ಕಡಿದು ಹಾಕ್ತಿದಾರೆ ಎಂದು ಕೇಳಿದೆ. ಕಿಟಕಿ ತೆರೆಯಲೇ ಎಂದಳು, ಬೇಡವೆಂದೆ. ಅಪ್ಪನ ಕೆನ್ನೆ ಹುಡುಗರಂತೆ ಕೆಂಪಾಗಿದೆ. ಬಾಯ್ಲರ್ ಹಚ್ಚಿದ್ದು ಒಳ್ಳೆಯದೇ ಆಯಿತು.

ಈಗಲೂ ಅಡುಗೆಮನೆಯ ಕುರ್ಚಿಯಲ್ಲೇ ಮಲಗಿದ್ದಾರೆ. ಎರಡು ಸಲ ಕರೆದೆ, ಏಳಲಿಲ್ಲ. ಎದ್ದ ಮೇಲೆ ಇದನ್ನು ಅಂಚೆಪೆಟ್ಟಿಗೆಗೆ ಹಾಕಲು ಕಳಿಸುತ್ತೇನೆ. ಉತ್ತರ ಚಿಕ್ಕದಾಗಿರಲಿ, ಉಪದೇಶ ಬೇಡ.

ನಿನ್ನ ತಾಯಿ,
ಹಿಲ್ಡಾ ರೇನ್

ತಾ.ಕ.: ಶನಿವಾರ, ಆಸ್ಪತ್ರೆಯಿಂದ. ಅಪ್ಪ ಏಳಲಿಲ್ಲ. ನಾನು ಬಾಗಿಲವರೆಗೆ ತೆವಳಿ ಎಡ್ನಾಳನ್ನು ಕೂಗಿದೆನಂತೆ, ನೆನಪಿಲ್ಲ. ಅಪ್ಪನಿಗೆ ಉಸಿರಿದೆ, ಇನ್ನೂ ಕಣ್ಣು ಬಿಟ್ಟಿಲ್ಲ. ಬಿಟ್ಟರೂ ನಮ್ಮ ಗುರುತು ಹಿಡಿಯುತ್ತಾರೆಂದು ಡಾಕ್ಟರು ಮಾತು ಕೊಡುತ್ತಿಲ್ಲ.

ಮಧ್ಯಾಹ್ನ ನೀನು ಬಂದು ತಲುಪುತ್ತೀಯಂತೆ. ಮುಖ ನೋಡಿ ಹೇಳುವುದು ನನ್ನಿಂದಾಗದು. ಅದಕ್ಕೇ ಅಂಚೆಗೆ ಹೋಗದೆ ಮನೆಯಲ್ಲೇ ಉಳಿದ ಈ ಕಾಗದವನ್ನು ಎಡ್ನಾಳಿಂದ ತರಿಸಿ, ನರ್ಸ್ ಕೈಯಲ್ಲಿ ಬಿಡುತ್ತಿದ್ದೇನೆ. ನಿನ್ನೆ ಗ್ಯಾಸ್ ಅಪಘಾತದ ತನಿಖೆಯವನು ಬಂದಿದ್ದ. ಬಾಯ್ಲರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾರೆಂದು ಕೇಳಿದ. “ನನ್ನ ಮಗಳು” ಎಂದೆ. ಅಷ್ಟೇ ಹೇಳಿದೆ. ಅವನು ನಿನ್ನ ಹೆಸರು ಬರೆದುಕೊಂಡ. ಮುಂದಿನದನ್ನು ಹೇಳಲು ನನಗೆ ಬೇಕಾದಷ್ಟು ಹೊತ್ತಿತ್ತು, ಹೇಳಲಿಲ್ಲ.

ಮಂಗಳವಾರ ಅವನು ನಿನ್ನ ಕೆಲಸದ ಪರವಾನಗಿ ಕೇಳಿಕೊಂಡು ಬರುತ್ತಾನೆ. ಈ ಕಾಗದವನ್ನು ಅವನ ಕೈಗೆ ಕೊಡು. ಒಂದು ಸಾಲೂ ಹೊಡೆದುಹಾಕಿಲ್ಲ.