ಕಣ್ಣಿನ ಬಟ್ಟೆ ಬಿಚ್ಚಿಸಿದ ಸಾಹೇಬರಿಗೆ

ಅಂಗನವಾಡಿಗಳ ಮೇಲಧಿಕಾರಿಗಳಾದ ಮಾನ್ಯರೇ,

ನಿಮ್ಮ ತರಬೇತಿ ಸಭೆಗಳಲ್ಲಿ ‘ಆಟದ ಮೂಲಕ ಪಂಚೇಂದ್ರಿಯಗಳ ಪರಿಚಯ’ ಎಂಬ ವಿಡಿಯೋ ತೋರಿಸುತ್ತಿದ್ದೀರಂತೆ. ಡಬ್ಬಿ ಅಲ್ಲಾಡಿಸಿದರೆ ಸಾಕು, ಒಳಗಿರುವುದು ಮಂಡಕ್ಕಿಯೋ ಹುಣಸೆಬೀಜವೋ ಎಂದು ಥಟ್ಟನೆ ಹೇಳುವ ಹುಡುಗಿ ಅದರಲ್ಲಿದ್ದಾಳೆ. ಅವಳು ನನ್ನ ಮಗಳು ಬಿಂದು. ಆ ವಿಡಿಯೋ ತೆಗೆದ ದಿನ ಅವಳಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ.

ಹರಿಹರದ ನಮ್ಮ ಓಣಿಯ ಅಂಗನವಾಡಿಯಲ್ಲಿ ಟೀಚರ್ ಖತೀಜಾಬೀ ಮಕ್ಕಳ ಕಣ್ಣಿಗೆ ಮೆತ್ತನೆಯ ಬಟ್ಟೆ ಕಟ್ಟಿ ಈ ಆಟ ಆಡಿಸುತ್ತಿದ್ದರು. ಮೂಗಿಗೆ ಕೊತ್ತಂಬರಿ, ನಾಲಿಗೆಗೆ ಬೆಲ್ಲ, ಕಿವಿಗೆ ಡಬ್ಬಿಯ ಸದ್ದು. ನೀವು ಭೇಟಿಗೆ ಬಂದ ದಿನ ಹಾಜರಿ ಫೋಟೋ ತೆಗೆಯಲು ಹೋದರೆ, ಬಟ್ಟೆ ಕಟ್ಟಿದ ಮುಖಗಳನ್ನು ಮೊಬೈಲಿನ ಆಪ್ ಒಪ್ಪಲಿಲ್ಲ. “ಏನ್ರೀ ಇದು? ಕಣ್ಣು ಕಾಣದಿದ್ರೆ ಮಗು ಬಂದೈತೆ ಅಂತ ಮೇಲಿನೋರಿಗೆ ಹೆಂಗ್ ತೋರ್ಸೋದು? ಇನ್ಮೇಲೆ ಬಟ್ಟೆ ಗಿಟ್ಟೆ ಬ್ಯಾಡ” ಎಂದಿರಿ. “ಆಯ್ತು ಬಿಡ್ರಿ ಸರ್” ಎಂದರು ಟೀಚರ್. ಅಂದಿನಿಂದ ಆಪ್ ಸಂತುಷ್ಟವಾಗಿದೆ. ಆದರೆ ಕಣ್ಣು ಬಿಟ್ಟುಕೊಂಡು ಆಡುವುದು ಕಿವಿಯ ಆಟ ಹೇಗಾದೀತು, ಸ್ವಾಮಿ?

ಅದಾದ ಮೇಲೆ ಬಿಂದುವಿಗೆ ಮಿದುಳು ಜ್ವರ ಬಂತು. ಉಳಿದಳಲ್ಲ ಎಂಬ ಸಂತೋಷದಲ್ಲಿ, ಅವಳ ಮಾತು ಕಡಿಮೆಯಾದದ್ದನ್ನು ನಿತ್ರಾಣವೆಂದುಕೊಂಡೆವು. ಅಂಗನವಾಡಿಗೆ ಮರಳಿದವಳು ಮಾದರಿ ಮಗುವಾದಳು. ಗಲಾಟೆಯಿಲ್ಲ, ಅತ್ತಿತ್ತ ನೋಡುವುದಿಲ್ಲ. “ಎಂಥಾ ಏಕಾಗ್ರತೆ!” ಎಂದು ಹೊಗಳಿ ವಿಡಿಯೋ ಮಾಡಿಸಿದವರು ನೀವೇ. ಕೆಂಪು ಮುಚ್ಚಳದ ಡಬ್ಬಿ ಮಂಡಕ್ಕಿಯದು, ಹಸಿರು ಹುಣಸೆಬೀಜದ್ದು. ಮಗು ನೋಡಿ ಹೇಳಿತು.

ತಿಂಗಳುಗಳ ನಂತರ ದಾವಣಗೆರೆಗೆ ಅವಳನ್ನು ಕರೆದೊಯ್ದಿದ್ದೆ. ಮಂಡಿಪೇಟೆಯಲ್ಲಿ ನಾನು ಕೆಲಸ ಮಾಡುವ ಅಂಗಡಿಯ ಮುಂದೆ, ಹಿಂದಿನಿಂದ ಹಾರ್ನ್ ಹೊಡೆಯುತ್ತ ಬಂದ ಲಗೇಜ್ ಆಟೋಗೆ ಅವಳು ಅಲುಗಲಿಲ್ಲ. ಡ್ರೈವರ್ ರಿಯಾಜ್ ಬ್ರೇಕ್ ಒತ್ತಿ ಇಳಿದು ಬಂದ. “ಅಣ್ಣಾ, ಪಾಪುಗೆ ಕಿವಿ ಕೇಳ್ತೈತಾ?” ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಮೊಬೈಲಿನಲ್ಲಿ ನಿಮ್ಮ ವಿಡಿಯೋ ಹಾಕಿ ಅವನ ಮುಖಕ್ಕೆ ಹಿಡಿದೆ. ಅವನು ಅವಳ ಬೆನ್ನ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದ. ಮಗಳು ನನ್ನನ್ನೇ ನೋಡಿ ನಗುತ್ತಿದ್ದಳು.

“ಈ ಜ್ವರ ಬಂದ್ಮೇಲೆ ಒಳಕಿವಿ ಬೇಗ ಗಟ್ಟಿ ಆಗ್ಬಿಡುತ್ತೆ. ಆಗ್ಲೇ ಬಂದಿದ್ರೆ ಆಪರೇಷನ್ ಮಾಡಿ ಒಳಗೆ ಕೇಳಿಸೋ ಯಂತ್ರ ಕೂರಿಸಬಹುದಿತ್ತು. ಈಗ ಕಷ್ಟ” ಎಂದರು, ಆಮೇಲೆ ಅವಳನ್ನು ಪರೀಕ್ಷಿಸಿದ ಕಿವಿ ಡಾಕ್ಟರು.

ಜ್ವರ ತಂದವರು ನೀವಲ್ಲ, ಅಷ್ಟು ವಿವೇಕ ನನಗಿದೆ. ಆದರೆ ಜ್ವರದ ಮರುವಾರವೇ ಅವಳ ಕಣ್ಣಿಗೆ ಆ ತುಂಡು ಬಟ್ಟೆ ಕಟ್ಟಿದ್ದರೆ ಸತ್ಯ ತಿಳಿಯುತ್ತಿತ್ತು. ಹಾಜರಿ ಫೋಟೋ ಐದು ನಿಮಿಷ ಮೊದಲೇ ತೆಗೆದಿದ್ದರೆ ಸರ್ಕಾರ ಬೀಳುತ್ತಿತ್ತೇ? ಆ ವಿಡಿಯೋ ಕಿತ್ತುಹಾಕಿ. ಪ್ರತಿ ಅಂಗನವಾಡಿಗೂ ಆ ಆಟವನ್ನು ಮರಳಿಸಿ, ಲಿಖಿತವಾಗಿ.

ಬಿಂದು ಈಗಲೂ ‘ಅಪ್ಪಾ’ ಎನ್ನುತ್ತಾಳೆ. ಉಳಿದ ಮಾತುಗಳು ಒಂದೊಂದಾಗಿ ತೊದಲುತ್ತಿವೆ. ತನಗೇ ಕೇಳಿಸದ ಮಾತು ನಾಲಿಗೆಯಲ್ಲಿ ಬಹಳ ದಿನ ನಿಲ್ಲುವುದಿಲ್ಲವಂತೆ. ಮುಂದಿನ ಭೇಟಿಗೆ ತಡಮಾಡಬೇಡಿ. ಅವಳು ಇನ್ನೂ ಕರೆಯುತ್ತಿರುವಾಗಲೇ ಬಂದು, ಒಮ್ಮೆ ಕೇಳಿಸಿಕೊಂಡು ಹೋಗಿ.

ಇಂತಿ,
ಆ ವಿಡಿಯೋವನ್ನು ನೆಂಟರಿಗೆಲ್ಲ ಕಳಿಸಿ ಬೀಗಿದ್ದ ಅಪ್ಪ,
ಯೋಗರಾಜ್, ಹರಿಹರ